ಬೆನ್ನಿನ ಬದಿಯ ಹಲ್ಲುಗಳು

ಮಾರ್ಚ್ 5

ಅತ್ತೇ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕುಶಲ ಕೇಳುವುದಕ್ಕಲ್ಲ. ಇದರೊಳಗೆ ಮಡಚಿಟ್ಟಿರುವ ಕರಪತ್ರ ಓದು. ‘ಕದ್ದ ಹುಳ’ ಎಂದು ತಲೆಬರಹ. ಬರೆದವಳು ನಾನು, ನಮ್ಮ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವಳು ನಾನು, ನಿನ್ನೆ ಬೆಳಿಗ್ಗೆ ನಿಮ್ಮ ಸಂಗ್ರಹಾಲಯದ ಗೇಟಿನಲ್ಲಿ ನಿಂತು ಇನ್ನೂರು ಪ್ರತಿ ಹಂಚಿದವಳೂ ನಾನೇ. ಬುಧವಾರ ನಿನ್ನ ವಾರದ ರಜೆ ಎಂದು ಗೊತ್ತಿದ್ದೇ ಆ ದಿನವನ್ನು ಆರಿಸಿಕೊಂಡೆ.

ಐದು ವರ್ಷದವಳು ನಿನ್ನ ಮೇಜಿನ ಕೆಳಗೆ ಕೂತಿರುತ್ತಿದ್ದೆನಲ್ಲ, ನೆನಪಿದೆಯಾ? ನೀನು ಮೂರೇ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಆ ಬಿರುಗೂದಲ ಹುಳದ ಚಿತ್ರ ಬರೆಯುತ್ತಿದ್ದೆ. ನೀನು ಉಸಿರು ಬಿಡುವವರೆಗೆ ನಾನೂ ಬಿಡುತ್ತಿರಲಿಲ್ಲ. ಆ ಹುಳದ ಕುಲದಲ್ಲಿ ಅಲ್ಲಿಯವರೆಗೆ ಎರಡೇ ಪ್ರಭೇದ ಗೊತ್ತಿದ್ದವು. ಮೂರನೆಯದನ್ನು ಲೋಕಕ್ಕೆ ತೋರಿಸಿದ್ದು ನಿನ್ನ ಕೈ. ಪುಸ್ತಕದಲ್ಲಿ ಹೆಸರು ಯಾರದು? ನಿಮ್ಮ ಹುಳದ ಡಾಕ್ಟರದು. ಚಿತ್ರದ ಕೆಳಗೆ ನಿನ್ನ ಹೆಸರಿನ ಒಂದು ಅಕ್ಷರವೂ ಇಲ್ಲ. ಇದಕ್ಕೆ ಕಳ್ಳತನ ಎನ್ನದೆ ಬೇರೆ ಏನು ಹೇಳಬೇಕು?

ನೀನು ಒಪ್ಪುವುದಿಲ್ಲ ಎಂದು ಗೊತ್ತು. ಅದಕ್ಕೇ ಕೊನೆಯ ಸಾಲು ಹಾಗೆ ಬರೆದೆ: ‘ನಾಳೆ ಆಕೆಯೇ ಬಂದು ಹಾಗೇನಿಲ್ಲ ಎಂದರೂ ನಂಬಬೇಡಿ. ಅದು ಆಕೆಯ ಮಾತಲ್ಲ, ಇಪ್ಪತ್ತೈದು ವರ್ಷದ ನೌಕರಿಯ ಭಯದ ಮಾತು.’ ನಮ್ಮ ಕಾರ್ಮಿಕರ ಸಂಘದಲ್ಲಿ ಎಲ್ಲರಿಗೂ ಬಹಳ ಹಿಡಿಸಿದ ಸಾಲು ಅದೇ.

ಮನೆಗೆ ಬರಲಾಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಸೂಜಿ


ಮಾರ್ಚ್ 17

ಸೂಜೀ,

ಕಾಗದ ಬಂತು. ಕರಪತ್ರ ಬರುವ ಮೊದಲೇ ಓದಿದ್ದೆ. ಸೀಸೆ ತೊಳೆಯುವ ಕೋಣೆಯ ಗೋಡೆಗೆ ಅಂಟಿಸಿದ್ದಾರೆ.

ಅದರಲ್ಲಿ ಹುಳಕ್ಕೆ ಹನ್ನೆರಡು ಕಣ್ಣು ಎಂದಿದೆ. ಹನ್ನೆರಡಲ್ಲ, ನಾಲ್ಕು. ತಲೆಯ ಎಡಬಲದಲ್ಲಿ ನಾಲ್ಕು ನಾಲ್ಕು ಉದ್ದನೆಯ ಎಳೆಗಳಿರುತ್ತವೆ, ಮುಟ್ಟಿ ನೋಡುವುದಕ್ಕೆ. ಆ ಎಂಟರ ಬುಡವನ್ನೂ ನೀನು ಕಣ್ಣೆಂದು ಎಣಿಸಿದ್ದೀಯ. ಮೈಯ ಒಂದೊಂದು ತುಂಡಿಗೂ ಒಂದು ಜೊತೆ ಪಕ್ಕಗಾಲು, ಪಕ್ಕಗಾಲಿಗೆ ಬಿರುಗೂದಲಿನ ಕಂತೆ. ಅಷ್ಟು ಸರಿ ಬರೆದಿದ್ದೀಯ. ಆದರೆ ಪ್ರಭೇದ ಹೇಳುವುದು ಬಿರುಗೂದಲಿನಿಂದ ಎಂದದ್ದು ತಪ್ಪು. ಈ ಕುಲದಲ್ಲಿ ಬಿರುಗೂದಲು ಎಲ್ಲಕ್ಕೂ ಒಂದೇ. ಗಂಟಲು ನೋಡಬೇಕು.

ಗಂಟಲನ್ನು ಅದು ಮೈಯೊಳಗೆ ಇಟ್ಟುಕೊಂಡಿರುತ್ತದೆ. ತಿನ್ನುವಾಗ ಕಾಲುಚೀಲ ತಿರುವಿದ ಹಾಗೆ ಹೊರಗೆ ಚಾಚುತ್ತದೆ. ತುದಿಯಲ್ಲಿ ಎರಡು ಕಂದು ದವಡೆ, ಹಿಂದೆ ಎರಡು ಉಂಗುರ. ಆ ಉಂಗುರಗಳ ಮೇಲೆ ಗಸಗಸೆಗಿಂತ ಸಣ್ಣ ಕಪ್ಪು ಹಲ್ಲುಗಳು. ಹಲ್ಲು ಎಲ್ಲಿವೆ, ಎಷ್ಟಿವೆ, ಎಲ್ಲಿ ಇಲ್ಲ, ಇಷ್ಟರ ಮೇಲೆ ಇದು ಯಾವ ಪ್ರಭೇದ ಎಂದು ಹೇಳುತ್ತೇವೆ. ಎಲ್ಲಿ ಇಲ್ಲ ಎನ್ನುವುದೂ ಮುಖ್ಯ.

ಹುಳದ ಡಾಕ್ಟರು ಹತ್ತು ದಿನದಿಂದ ಕೆಲಸಕ್ಕೆ ಬಂದಿಲ್ಲ. ಧೂಳು ಕೂರಬಾರದು ಎಂದು ಅವರ ಮೈಕ್ರೋಸ್ಕೋಪಿಗೆ ನಾನೇ ಬಟ್ಟೆ ಹೊದಿಸಿ ಬಂದೆ.

ಅತ್ತೆ


ಏಪ್ರಿಲ್ 4

ಅತ್ತೇ,

ಕಣ್ಣು ನಾಲ್ಕು. ಒಪ್ಪಿದೆ. ಅನ್ಯಾಯ ಎಷ್ಟು ಎಂದು ಎಣಿಸಿದೆಯಾ?

ನೀನು ಯಾವಾಗಲೂ ಹೀಗೇ. ನಾನು ಮನೆ ಬಿಟ್ಟ ದಿನ ಊಟಕ್ಕೆ ಕೂತಾಗ ನಿನ್ನನ್ನು ಗುಲಾಮಳು ಎಂದೆ. ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು, ಇಲ್ಲವೆ ಅಳುತ್ತಿದ್ದರು. ನೀನು ಹೇಳಿದ್ದು ‘ಮೊದ್ಲು ಕೈ ತೊಳ್ಕೊಂಡ್ ಬಾ, ಪ್ರೆಸ್ಸಿನ ಮಸಿ ಇದೆ’ ಅಂತ. ಕೈ ತೊಳೆಯಲು ಎದ್ದವಳು ಹಾಗೇ ಚೀಲ ಎತ್ತಿಕೊಂಡು ಹೊರಟೆ. ನಿನ್ನ ಜೊತೆ ಜಗಳವಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಸುದ್ದಿ ಕೇಳಿರಬೇಕು. ಸೀಸೆ ತೊಳೆಯುವವರು, ಕಾವಲಿನವರು, ಚೀಟಿ ಬರೆಯುವವರು ಎಲ್ಲ ಡಾಕ್ಟರ ಮೇಲಿನ ದೂರಿಗೆ ಸಹಿ ಹಾಕಿದ್ದಾರೆ. ವಿಚಾರಣಾ ಸಮಿತಿ ನೇಮಕವಾಗಿದೆ. ನಮ್ಮ ಸಂಘದ ಕಾರ್ಯದರ್ಶಿ ಬೆನ್ನು ತಟ್ಟಿ, ‘ಒಂದು ಹಾಳೆ ಕಾಗದದಲ್ಲಿ ಒಂದು ಕುರ್ಚಿ ಅಲ್ಲಾಡಿಸ್ಬಿಟ್ಯಲ್ಲೇ!’ ಎಂದ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸಮಿತಿಯವರು ನಿನ್ನನ್ನು ಕರೆಯುತ್ತಾರೆ. ಜಾಸ್ತಿ ಏನೂ ಬೇಡ. ಒಂದೇ ವಾಕ್ಯ ಹೇಳು: ‘ಆ ಚಿತ್ರ ನನ್ನದು.’ ಜೀವಮಾನದಲ್ಲಿ ಒಂದು ಸಲ ಗಟ್ಟಿಯಾಗಿ ಹೇಳು.

ಸೂಜಿ


ಏಪ್ರಿಲ್ 27

ಸೂಜೀ,

ಆ ಚಿತ್ರ ನನ್ನದು.

ನೀನು ಕೇಳಿದ ವಾಕ್ಯ ಬರೆದಾಯಿತು. ಉಳಿದದ್ದನ್ನೂ ಓದು.

ಆ ಹುಳ ಬಂದದ್ದು ಒಂದೇ ಒಂದು. ಮೀನಿನ ಬಲೆಗೆ ಸಿಕ್ಕ ಕೆಸರಿನಲ್ಲಿತ್ತು. ಗಂಟಲು ಹೊರಗೆ ಚಾಚಿಕೊಂಡೇ ಸತ್ತಿತ್ತು. ಕತ್ತರಿಸದೆ ಹಲ್ಲು ನೋಡಬಹುದು ಎಂದು ಎಲ್ಲರಿಗೂ ಸಂತೋಷ. ಸ್ಪಿರಿಟಿನಿಂದ ಎತ್ತಿ ಗಾಜಿನ ತಟ್ಟೆಗೆ ಇಡುವಾಗ ನನ್ನ ಚಿಮಟ ಜಾರಿತು. ಬುಡದ ಉಂಗುರ ಬೆನ್ನಿನ ಬದಿಯಲ್ಲಿ ಹರಿದುಹೋಯಿತು. ಹರಿದ ಚೂರು ಎಲ್ಲಿ ಬಿತ್ತೋ ಸಿಗಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಮೇಜಿನ ಕೆಳಗೆ ನೀನಿದ್ದೆ.

ಹೊಟ್ಟೆಯ ಬದಿಯಲ್ಲಿ ಹಲ್ಲುಗಳ ಸಾಲು ಚೆನ್ನಾಗಿ ಕಾಣುತ್ತಿತ್ತು. ಗೊತ್ತಿದ್ದ ಎರಡು ಪ್ರಭೇದಗಳಲ್ಲೂ ಆ ಸಾಲು ಬೆನ್ನಿನ ಬದಿಗೆ ಬರುವುದಿಲ್ಲ, ಪಕ್ಕದಲ್ಲೇ ನಿಂತುಬಿಡುತ್ತದೆ. ಇದರಲ್ಲಿ ಬೆನ್ನೇ ಇರಲಿಲ್ಲ. ಹರಿದ ಅಂಚಿನಲ್ಲಿ ಎರಡು ಹಲ್ಲಿದ್ದವು. ಇಷ್ಟು ಬಂದ ಸಾಲು ಸುತ್ತಿ ಬಂದೇ ಇರುತ್ತದೆ ಎಂದುಕೊಂಡೆ. ಅಂದುಕೊಂಡೆನೋ, ಹಾಗೆಂದು ನನಗೇ ಹೇಳಿಕೊಂಡೆನೋ. ಹದಿನಾಲ್ಕು ಹಲ್ಲು ಬರೆದೆ. ಹದಿನಾಲ್ಕಕ್ಕೂ ಒಂದೊಂದಾಗಿ ನೆರಳು ಕೊಟ್ಟೆ. ಕಾಣದ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಚುಕ್ಕೆಗೆರೆ ಹಾಕಿದ್ದರೆ ಅಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ಚಿಮಟದ ವಿಷಯ ಹೇಳಬೇಕಾಗುತ್ತಿತ್ತು.

ಡಾಕ್ಟರಿಗೆ ಆಗಷ್ಟೇ ಕಣ್ಣಿನ ಆಪರೇಶನ್ ಆಗಿತ್ತು. ಮೂರು ತಿಂಗಳು ಲೆನ್ಸಿಗೆ ಕಣ್ಣಿಡಬಾರದು ಎಂದಿದ್ದರು. ನನ್ನ ಚಿತ್ರವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, ‘ಸಾಲು ಪೂರ್ತಿ ಸುತ್ತಿದೆಯಲ್ಲಮ್ಮಾ! ಇದು ಕಂಡದ್ದು ತಾನೆ?’ ಎಂದರು. ‘ಹೌದು ಸಾರ್’ ಎಂದೆ. ಅವರು ಮಕ್ಕಳ ಹಾಗೆ ಕೋಣೆಯಲ್ಲೆಲ್ಲ ಓಡಾಡಿಬಿಟ್ಟರು. ಆ ಸಂತೋಷ ನೋಡಿದ ಮೇಲೆ ಬಾಯಿ ಇನ್ನೂ ಕಟ್ಟಿಹೋಯಿತು.

ಮೊದಲ ಮುದ್ರಣದಲ್ಲಿ ಚಿತ್ರದ ಕೆಳಗೆ ನನ್ನ ಹೆಸರಿತ್ತು. ಪೂರ್ತಿ ಹೆಸರು, ಅವರೇ ಹಾಕಿಸಿದ್ದು. ನೀನು ಆ ಪುಸ್ತಕ ನೋಡಿಲ್ಲ. ನಾನು ಮನೆಗೆ ತರಲಿಲ್ಲ.

ಎಂಟು ವರ್ಷದ ಮೇಲೆ ಅದೇ ಜಾಗದ ಕೆಸರಿನಿಂದ ನಲವತ್ತು ಹುಳ ಬಂದವು. ನಲವತ್ತರ ಬೆನ್ನೂ ಬೋಳು. ಡಾಕ್ಟರು ಹಳೆಯ ಸೀಸೆ ತೆಗೆದು, ಆ ಮೊದಲನೆಯ ಹುಳವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ‘ಇಲ್ಲಿ ಹರಿದಿದೆಯಲ್ಲಮ್ಮಾ’ ಎಂದರು. ನಾನು ಕುಂಚ ತೊಳೆಯುತ್ತಿದ್ದೆ. ಕುಂಚ ಸ್ವಚ್ಛವಾಗಿಯೇ ಇತ್ತು, ಆದರೂ ತೊಳೆಯುತ್ತಲೇ ಇದ್ದೆ. ಅವರು ಸೀಸೆ ಎತ್ತಿಕೊಂಡು ಹೋದರು.

ಎರಡನೆಯ ಮುದ್ರಣದ ಕೊನೆಯ ಪುಟದಲ್ಲಿ ಅರ್ಧ ಪುಟ ಸೇರಿಸಿದರು. ಮೂರನೆಯ ಪ್ರಭೇದ ಎಂಬುದು ಇಲ್ಲ, ಹರಿದ ಮಾದರಿಗೆ ಸರಿಯಾಗಿ ನೋಡದೆ ಹೆಸರಿಟ್ಟದ್ದು ನನ್ನ ತಪ್ಪು ಎಂದು ಬರೆದರು. ಚಿತ್ರದ ಕೆಳಗಿನ ನನ್ನ ಹೆಸರನ್ನು ತೆಗೆಸಿದರು. ಬರೆದವರು ಯಾರು ಎಂದು ಯಾರೂ ಕೇಳದಿರಲಿ ಅಂತ. ಅಲ್ಲಿಂದ ಎಲ್ಲರೂ ಅವರನ್ನು ಆಡಿಕೊಂಡು ನಗತೊಡಗಿದರು. ‘ಬೋಳು ಹುಳಕ್ಕೆ ಹಲ್ಲು ಕಟ್ಟಿಸಿದ ಡಾಕ್ಟ್ರು’ ಅಂತ. ಹುಳದ ಡಾಕ್ಟರು ಎಂಬ ಹೆಸರು ಬಂದದ್ದು ಹಾಗೆ. ಆ ನಗೆಯ ಮಧ್ಯೆ ನಾನು ಹತ್ತು ವರ್ಷ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೇನೆ.

ಆಗ ನಿನಗೆ ಹದಿಮೂರು ವರ್ಷ. ಕೆಲಸ ಹೋದರೆ ನಿನ್ನ ಗತಿಯೇನು ಎಂದು ಸುಮ್ಮನಿದ್ದೆ ಎನ್ನಬಹುದು. ಹಾಗೆ ಹೇಳಿ ನಿನ್ನ ಹಿಂದೆ ಅಡಗಿಕೊಳ್ಳುವುದಿಲ್ಲ. ನೀನಿಲ್ಲದಿದ್ದರೂ ಸುಮ್ಮನೇ ಇರುತ್ತಿದ್ದೆ.

ಅತ್ತೆ


ಜೂನ್ 9

ಅತ್ತೇ,

ಆರು ಕಾಗದ ಬರೆದು ಹರಿದೆ. ಇದು ಏಳನೆಯದು.

ನಿನ್ನ ಮಾತು ನಂಬದೆ ಗ್ರಂಥಾಲಯಕ್ಕೆ ಹೋದೆ. ಅದನ್ನೂ ಹೇಳಬೇಕು. ಕೈಯಾರೆ ಬರೆದುಕೊಟ್ಟರೂ ನಿನ್ನನ್ನು ಯಾರೋ ಹೆದರಿಸಿ ಬರೆಸಿದ್ದಾರೆ ಎಂದುಕೊಂಡೆ. ನನ್ನ ಕರಪತ್ರದ ಕೊನೆಯ ಸಾಲನ್ನು ನಾನೇ ನಂಬಿದ್ದೆ. ಪುಸ್ತಕ ಅಲ್ಲೇ ಇತ್ತು, ಫೆಬ್ರವರಿಯಲ್ಲಿ ನಾನು ಇಟ್ಟುಹೋದ ಜಾಗದಲ್ಲಿ. ಚಿತ್ರದ ಹಾಳೆಗೆ ನಾನು ಸಿಕ್ಕಿಸಿದ್ದ ಬಸ್ ಟಿಕೆಟ್ ಹಾಗೇ ಇತ್ತು. ಕೊನೆಯ ಪುಟ ತಿರುವಿದೆ. ಅರ್ಧ ಪುಟ, ಸಣ್ಣ ಅಕ್ಷರ. ಓದಲು ಒಂದು ನಿಮಿಷ ಸಾಕು.

ನಾನು ಕರಡು ತಿದ್ದುವವಳು. ಪುಟಸಂಖ್ಯೆಯನ್ನೂ ಬಿಡದೆ ಕೊನೆಯ ಸಾಲಿನವರೆಗೆ ಓದುವುದು ನನ್ನ ಕೆಲಸ. ಆ ಒಂದು ಪುಸ್ತಕದಲ್ಲಿ ನನಗೆ ಬೇಕಾದ ಪುಟ ಸಿಕ್ಕಿದ ತಕ್ಷಣ ಮುಚ್ಚಿಟ್ಟು ಎದ್ದುಬಂದಿದ್ದೆ. ಓದುತ್ತಾ ಕಿವಿಯೆಲ್ಲ ಬಿಸಿಯಾಯಿತು. ಎದುರು ಕೂತಿದ್ದ ಅಜ್ಜಿಯೊಬ್ಬರು, ‘ಜ್ವರ ಬಂದಿದ್ಯೇನಮ್ಮಾ? ಮನೆಗೆ ಹೋಗು’ ಎಂದರು. ಯಾವ ಮನೆಗೆ ಹೋಗಲಿ?

ನೀನು ಹದಿನಾಲ್ಕು ಹಲ್ಲು ಬರೆದೆ. ನಾನು ಇಡೀ ಮನುಷ್ಯನನ್ನೇ ಬರೆದುಬಿಟ್ಟೆ. ಅವರ ಮುಖವನ್ನೂ ನಾನು ಸರಿಯಾಗಿ ನೋಡಿಲ್ಲ. ಸಣ್ಣವಳಿದ್ದಾಗ ಅವರ ಬೂಟು ಮಾತ್ರ ಕಂಡಿದ್ದೆ, ಮೇಜಿನ ಕೆಳಗಿನಿಂದ.

ಸಂಘದ ಕಾರ್ಯದರ್ಶಿಗೆ ಹೇಳಿದೆ. ‘ಈಗ ಹಿಂದೆ ಸರಿದ್ರೆ ನಮ್ಮನ್ನ ಯಾರು ನಂಬ್ತಾರೆ? ಒಬ್ಬ ಮುದುಕನ ಮಾನಕ್ಕೆ ಇಷ್ಟು ಜನರ ಹೋರಾಟ ಕೆಡಿಸ್ತೀಯಾ?’ ಎಂದ. ತಿಂಗಳ ಹಿಂದೆ ಆಗಿದ್ದರೆ ನಾನೂ ಅದೇ ಹೇಳುತ್ತಿದ್ದೆ, ಇನ್ನೂ ಜೋರಾಗಿ. ಸಂಗ್ರಹಾಲಯದ ಕಾಂಪೌಂಡಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ಕಳ್ಳ ಡಾಕ್ಟರ್’ ಎಂದು ಬರೆದಿದ್ದಾರಂತೆ. ನನ್ನ ಮಾತು ನನ್ನ ಕೈಬಿಟ್ಟು ಊರೆಲ್ಲ ಓಡಾಡುತ್ತಿದೆ.

ನೀನು ಸಮಿತಿಯ ಮುಂದೆ ಹೋಗಬೇಡ. ನಿನ್ನ ಹೆಸರು ಬಾರದ ಹಾಗೆ, ಅವರ ಹೆಸರು ಉಳಿಯುವ ಹಾಗೆ ಒಂದು ದಾರಿ ಹುಡುಕುತ್ತೇನೆ.

ಇನ್ನೊಂದು. ಅವತ್ತು ಬಸ್ಸಿಗೆ ಹೊತ್ತಾಗಿತ್ತು ಎಂದದ್ದು ಸುಳ್ಳು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ನಮ್ಮ ಬೀದಿಯ ತುದಿಯವರೆಗೆ ಬಂದಿದ್ದೆ. ನೀನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನನ್ನ ಕೈಯಲ್ಲಿ ಒಂದು ಕರಪತ್ರ ಉಳಿದಿತ್ತು. ಗುರುತು ಪರಿಚಯವಿಲ್ಲದವರ ಕೈಗೆಲ್ಲ ತುರುಕಿದವಳಿಗೆ ನಿನ್ನ ಕೈಗೆ ಕೊಡಲು ಧೈರ್ಯ ಬರಲಿಲ್ಲ. ಅಲ್ಲೇ ನನಗೆ ಅರ್ಥವಾಗಬೇಕಿತ್ತು.

ಸೂಜಿ


ಜೂನ್ 21

ಸೂಜೀ,

ದಾರಿ ಹುಡುಕುವುದು ಬೇಡ. ನಿನ್ನ ಕಾಗದ ಬರುವ ಮೊದಲೇ ಸಮಿತಿಯ ಮುಂದೆ ಹೋಗಿ ಬಂದೆ.

ಮೂರು ಜನ. ಮೇಜಿನ ಮೇಲೆ ನಿನ್ನ ಕರಪತ್ರ, ಹಾರಿಹೋಗದ ಹಾಗೆ ಅದರ ಮೇಲೊಂದು ಗಾಜಿನ ಗುಂಡು. ನಾನು ಎಲ್ಲ ಹೇಳಿದೆ. ಚಿಮಟ, ಹದಿನಾಲ್ಕು ಹಲ್ಲು, ‘ಹೌದು ಸಾರ್’ ಎಂದದ್ದು. ಅವರಲ್ಲಿ ಚಿಕ್ಕವಳು ನಿನ್ನ ವಯಸ್ಸಿನ ಆಸುಪಾಸು. ಎದ್ದುಬಂದು ನನ್ನ ಕೈ ಹಿಡಿದುಕೊಂಡಳು.

‘ಅಮ್ಮಾ, ಹೆದರ್ಬೇಡಿ. ಅವ್ರು ಇಲ್ಲಿಲ್ಲ.’

‘ನಾನು ಹೆದರ್ತಿಲ್ಲಮ್ಮ. ಚಿಮಟ ನನ್ನ ಕೈಯಲ್ಲೇ ಇತ್ತು.’

‘ಹೀಗೆ ಹೇಳಿ ಅಂತ ಯಾರು ಹೇಳ್ಕೊಟ್ರು?’

ಸೀಸೆ ತರಿಸಿ ಹುಳ ತೋರಿಸಿದೆ. ಅದು ಯಾರ ಕೈಯಲ್ಲಾದರೂ ಹರಿದಿರಬಹುದು ಎಂದರು. ಅದೂ ನಿಜ. ಕೊನೆಗೆ ಅವಳು ಬರೆದುಕೊಂಡದ್ದನ್ನು ತಲೆಕೆಳಗಾಗಿಯೇ ಓದಿದೆ: ‘ಸಾಕ್ಷಿ ಒತ್ತಡದಲ್ಲಿದ್ದಾರೆ.’

ಹದಿನೆಂಟು ವರ್ಷ ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ನಿಜ ಹೇಳಿದ ದಿನ ‘ಪಾಪ’ ಎಂದು ನೀರು ಕುಡಿಸಿ ಕಳಿಸಿದರು. ನೀನು ನನ್ನ ಮಾತನ್ನು ನಂಬಬೇಡಿ ಎಂದು ಅಚ್ಚು ಹಾಕಿ ಹಂಚಿದ್ದೀಯ. ನೀನು ಬಂದು ಹೇಳದ ಹೊರತು ಅದು ಅಳಿಯುವುದಿಲ್ಲ. ಜುಲೈ ಕೊನೆಗೆ ತೀರ್ಮಾನವಂತೆ.

ಬರೆಯುವುದಾದರೆ ನನ್ನದನ್ನು ಬಿಡದೆ ಬರೆ. ನಿನಗೆ ನನ್ನನ್ನು ಕಾಪಾಡುವ ಚಪಲ ಇದೆ. ನಾನು ಒಬ್ಬರ ನೆರಳಿನಲ್ಲಿ ಕೂತದ್ದು ಸಾಕು. ಈಗ ನಿನ್ನ ನೆರಳಿಗೆ ಬರುವುದಿಲ್ಲ.

ಅತ್ತೆ


ಜುಲೈ 14

ಅತ್ತೇ,

ಎರಡನೆಯ ಕರಪತ್ರ ಅಚ್ಚಾಗಿದೆ. ಇಪ್ಪತ್ತೆರಡನೆಯ ತಾರೀಕು, ಬುಧವಾರ, ಅದೇ ಗೇಟಿನಲ್ಲಿ ಅದೇ ಹೊತ್ತಿಗೆ ನಿಲ್ಲುತ್ತೇನೆ.

ಮೊದಲು ಮೂರು ಪುಟ ಬರೆದಿದ್ದೆ. ನಮ್ಮ ಪ್ರೆಸ್ಸಿನಲ್ಲಿ ನನಗೆ ಮೊಳೆ ಜೋಡಿಸಲು ಕಲಿಸಿದ ತಾತ ಓದಿದರು. ಮೊದಲ ಪುಟ ಸಮಾಜದ ಮೇಲೆ, ಎರಡನೆಯದು ವ್ಯವಸ್ಥೆಯ ಮೇಲೆ. ‘ತಪ್ಪೊಪ್ಪಿಗೆಗೂ ಮೆರವಣಿಗೆ ಬೇಕೇನೇ ನಿನಗೆ?’ ಎಂದರು. ಉಳಿದದ್ದು ಇಷ್ಟು:

‘ಮಾರ್ಚ್ ನಾಲ್ಕರಂದು ಈ ಗೇಟಿನಲ್ಲಿ ನಾನು ಹಂಚಿದ ಕರಪತ್ರ ಸುಳ್ಳು. ಡಾಕ್ಟರು ಏನನ್ನೂ ಕದ್ದಿಲ್ಲ. ಚಿತ್ರದಲ್ಲಿ ತಪ್ಪು ಮಾಡಿದವರು ನನ್ನ ಅತ್ತೆ. ಅದನ್ನು ತನ್ನ ಮೇಲೆ ಹಾಕಿಕೊಂಡವರು ಡಾಕ್ಟರು. ಅತ್ತೆ ಸಮಿತಿಗೆ ಹೇಳಿದ್ದು ನಿಜ, ಭಯದ ಮಾತಲ್ಲ. ಪುಸ್ತಕದ ಕೊನೆಯ ಪುಟ ಓದದೆ ಬರೆದವಳು ನಾನು. ಹುಳಕ್ಕೆ ಕಣ್ಣು ನಾಲ್ಕು.’

ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ. ಮೊದಲನೆಯದರಲ್ಲಿ ಹಾಕಿರಲಿಲ್ಲ. ಅದು ನಿನ್ನ ಗಮನಕ್ಕೆ ಬಂದಿರಬೇಕು. ನೀನು ಹೇಳಲಿಲ್ಲ.

ಸೂಜಿ


ಜುಲೈ 24

ಅತ್ತೇ,

ಹಂಚಿದೆ. ಇನ್ನೂರರಲ್ಲಿ ಅರವತ್ತೊಂದು ಉಳಿದವು. ಮಾರ್ಚಿನಲ್ಲಿ ಕಿತ್ತುಕೊಂಡು ಓದಿದವರು ಈ ಸಲ ಕೈ ಜೇಬಿನಿಂದ ತೆಗೆಯಲಿಲ್ಲ. ಗೇಟಿನ ಕಾವಲುಗಾರ ಓದಿ ವಾಪಸ್ ಕೊಟ್ಟು, ‘ಹೋದ್ಸಲದ್ದು ಖಾರವಾಗಿತ್ತಮ್ಮ. ಇದು ಸಪ್ಪೆ’ ಎಂದ. ಒಂದು ಪ್ರತಿಯನ್ನು ಸಮಿತಿಯವರ ಮುಂದೆ ಸಹಿ ಹಾಕಿ ಕೊಟ್ಟೆ. ನಿನ್ನ ಕೈ ಹಿಡಿದುಕೊಂಡ ಆ ಹುಡುಗಿ ನನ್ನ ಮುಖ ನೋಡಲಿಲ್ಲ. ಸಂಘದಿಂದ ನನ್ನನ್ನು ತೆಗೆದಿದ್ದಾರೆ.

ಹತ್ತು ಗಂಟೆಗೆ ಡಾಕ್ಟರು ಬಂದರು. ಕೆಲಸಕ್ಕಲ್ಲ, ಸಾಮಾನು ತೆಗೆದುಕೊಂಡು ಹೋಗಲು. ಹೋದ ತಿಂಗಳೇ ರಾಜೀನಾಮೆ ಕೊಟ್ಟಿದ್ದರಂತೆ. ನೀನು ಬರೆಯಲಿಲ್ಲ. ಅವರು ಯಾರೆಂದು ನನಗೆ ಬೂಟಿನಿಂದ ಗೊತ್ತಾಯಿತು. ಒಂದು ಪ್ರತಿ ಕೊಟ್ಟೆ. ಕನ್ನಡಕ ಹಣೆಯ ಮೇಲೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

‘ಕಣ್ಣು ತಿದ್ದಿದ್ದೀರಿ’ ಎಂದರು.

‘ಸಾರ್, ನನ್ನಿಂದ...’

‘ಇನ್ನೊಂದು ಪ್ರತಿ ಕೊಡಿ. ಮೊದಲನೇದನ್ನ ನನ್ನ ಮಗಳು ಓದಿದಾಳೆ.’

ಕೊಟ್ಟೆ. ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಮಗಳು ಎನ್ನುವಾಗ ನನ್ನನ್ನು ನೋಡಲಿಲ್ಲ, ಅದೇ ತಲೆಯಲ್ಲಿ ಸುತ್ತುತ್ತಿದೆ.

ಈ ಸಲವೂ ಮನೆಗೆ ಬರಲಿಲ್ಲ. ಬಸ್ಸಿಗೆ ಹೊತ್ತಿತ್ತು. ಮುಖವಿರಲಿಲ್ಲ.

ಸೂಜಿ


ಆಗಸ್ಟ್ 19

ಸೂಜೀ,

ಸಮಿತಿ ಡಾಕ್ಟರ ಮೇಲಿನ ಆರೋಪ ಕೈಬಿಟ್ಟಿತು. ವಾಪಸ್ ಬನ್ನಿ ಎಂದು ಕಾಗದ ಹೋಯಿತು. ಅವರು ಬರುವುದಿಲ್ಲ ಎಂದರು. ನನ್ನನ್ನು ಚಿತ್ರದ ಮೇಜಿನಿಂದ ಎಬ್ಬಿಸಿ ಸೀಸೆಗೆ ಚೀಟಿ ಬರೆಯುವ ಕಡೆ ಹಾಕಿದ್ದಾರೆ. ಮೊದಲ ದಿನ ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಊಟ ಮಾಡಿದೆ. ಹತ್ತು ವರ್ಷದಲ್ಲಿ ಮೊದಲ ಸಲ ಡಬ್ಬಿ ಪೂರ್ತಿ ಖಾಲಿಯಾಯಿತು.

ಡಾಕ್ಟರು ಹೋಗುವಾಗ ಆ ಮೊದಲ ಹುಳದ ಸೀಸೆಯನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದರು. ಮುಚ್ಚಳಕ್ಕೆ ಒಂದು ಚೀಟಿ: ‘ಕಂಡಷ್ಟು ಬರೆಯಿರಿ.’ ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಮಗಳು. ಒಳಗೆ ಕರೆಯಲಿಲ್ಲ. ಹೊರಗೆ ನಿಂತೇ ಹೇಳಬೇಕಾದ್ದನ್ನು ಅವಳಿಗೆ ಹೇಳಿದೆ. ‘ಇಷ್ಟು ವರ್ಷ ಏನ್ ಮಾಡ್ತಿದ್ರಿ?’ ಎಂದಳು.

ರಜೆಯ ದಿನಗಳಲ್ಲಿ ಕೂತು ಚಿತ್ರ ಮತ್ತೆ ಬರೆದೆ. ನಾಲ್ಕು ಕಣ್ಣು, ಎಂಟು ಎಳೆ, ಎರಡು ದವಡೆ, ಹೊಟ್ಟೆಯ ಬದಿಯ ಸಾಲು, ಹರಿದ ಅಂಚಿನ ಎರಡು ಹಲ್ಲು. ಬೆನ್ನಿನ ಬದಿಯಲ್ಲಿ ಚುಕ್ಕೆಗೆರೆ. ಒಳಗೆ ಖಾಲಿ ಕಾಗದ. ಕೈ ಈಗ ಮೊದಲಿನಷ್ಟು ಗಟ್ಟಿಯಿಲ್ಲ, ಚುಕ್ಕೆಗಳು ಒಂದೇ ಸಮ ಬಂದಿಲ್ಲ. ಕೆಳಗೆ ನನ್ನ ಹೆಸರು ಬರೆದಿದ್ದೇನೆ. ನಿಮ್ಮ ಪ್ರೆಸ್ಸಿನಲ್ಲಿ ಇದನ್ನು ಅಚ್ಚು ಹಾಕಿಸಿ, ಪುಸ್ತಕವಿರುವ ಗ್ರಂಥಾಲಯಗಳಿಗೆಲ್ಲ ಒಂದೊಂದು ಹಾಳೆ ಕಳಿಸಬೇಕು. ಕರಡು ನೀನೇ ನೋಡು.

ಅಂಚೆಯಲ್ಲಿ ಕಳಿಸಿದರೆ ಮಡಿಕೆ ಬೀಳುತ್ತದೆ. ಬಂದು ತೆಗೆದುಕೊಂಡು ಹೋಗು. ಮುಟ್ಟುವ ಮೊದಲು ಕೈ ತೊಳೆಯಬೇಕು.

ನೀನು ಬಸ್ಸಿನ ವಿಷಯ ಹೇಳಿದೆ. ನಾನೂ ಒಂದು ಹೇಳುವುದಿದೆ. ಮಾರ್ಚಿನಲ್ಲಿ ನೀನು ಬೀದಿಯ ತುದಿಯಲ್ಲಿ ನಿಂತದ್ದನ್ನು ನಾನು ನೋಡಿದ್ದೆ. ನೀಲಿ ಚೀಲ, ಕೈಯಲ್ಲಿ ಒಂದು ಕಾಗದ. ಎರಡು ವರ್ಷದಿಂದ ಕಾದಿದ್ದವಳು ನಾನು. ಆದರೂ ತಲೆ ತಗ್ಗಿಸಿ, ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಂತೆ. ತಲೆಯೆತ್ತಿದಾಗ ನೀನಿರಲಿಲ್ಲ. ಒಂದು ಸಲ ಕರೆದಿದ್ದರೆ ನೀನು ಬಂದುಬಿಡುತ್ತಿದ್ದೆ ಎಂದು ನನಗೆ ಗೊತ್ತಿತ್ತು.

ಬರುವ ಬುಧವಾರ ಮಹಡಿಯ ಮೇಲೆ ಇರುತ್ತೇನೆ. ಈ ಸಲ ಕೂಗುತ್ತೇನೆ.

ಅತ್ತೆ